ಹೆಸರು ಮರೆತುಹೋದ ಮಕ್ಕಳ ಪುಸ್ತಕ ಹುಡುಕಿಕೊಡ್ತೀರಾ? – ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಒಂದು ಗ್ರಂಥಾಲಯದಲ್ಲಿ ಮಕ್ಕಳ ವಿಭಾಗ ನೋಡಿಕೊಳ್ಳುವ ಕೆಲಸ ನನ್ನದು. ಈ ವಿಭಾಗಕ್ಕೆ ದೊಡ್ಡವರೂ ಬರುತ್ತಾರೆ. ಪೇಪರ್ ಓದಿ ಮುಗಿಸುತ್ತಾರೆ, ಸುಮ್ನೆ ಒಂದು ಸುತ್ತು ಹಾಕುತ್ತಾರೆ, ಆಮೇಲೆ ನನ್ನ ಮೇಜಿನ ಹತ್ತಿರ ನಿಂತು ದನಿ ತಗ್ಗಿಸಿ ಕೇಳುತ್ತಾರೆ: “ಚಿಕ್ಕವನಿದ್ದಾಗ ಒಂದು ಪುಸ್ತಕ ಓದಿದ್ದೆ...” ಮುಂದಿನ ಮಾತು ಏನು ಅಂತ ನನಗೆ ಗೊತ್ತು. ಹೆಸರು ನೆನಪಿಲ್ಲ. ಹೀಗೆ ಬಂದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ಹೆಸರೂ ಗೊತ್ತಿಲ್ಲ, ಬರೆದವರೂ ಗೊತ್ತಿಲ್ಲ. ಬಂದರೆ ಪ್ರಯೋಜನ ಇದೆಯಾ?

ಇದೆ. ನಿಜ ಹೇಳಬೇಕೆಂದರೆ, ಹೆಸರು ಗೊತ್ತಿಲ್ಲ ಎನ್ನುವವರಿಗಿಂತ ಖಂಡಿತ ಗೊತ್ತು ಎನ್ನುವವರದ್ದೇ ನಮಗೆ ಕಷ್ಟ. ರಿಪ್ಪನ್‌ಪೇಟೆ ಕಡೆಯ ಮೇಷ್ಟ್ರೊಬ್ಬರು ‘ಚಿನ್ನದ ಮೀನು’ ಅಂತ ಹಟ ಹಿಡಿದಿದ್ದರು. ಪಟ್ಟಿ ನೋಡಿದೆವು, ಕಪಾಟು ನೋಡಿದೆವು, ಸಿಗಲಿಲ್ಲ. ಅವರು ಮೂರನೇ ಸಲ ಬಂದಾಗ, “ಹೆಸರು ಬಿಡಿ ಮೇಷ್ಟ್ರೇ, ಕಥೆ ಪೂರ್ತಿ ಹೇಳಿ” ಎಂದೆ. ಮುದುಕ ಮೀನುಗಾರ, ಬಲೆಗೆ ಬಿದ್ದು ಮಾತಾಡುವ ಮೀನು, ಕೊಟ್ಟಷ್ಟೂ ಸಾಲದು ಎನ್ನುವ ಹೆಂಡತಿ, ಕೊನೆಗೆ ಮತ್ತದೇ ಒಡಕು ತೊಟ್ಟಿ. ಅದು ರಷ್ಯಾದ ಕವಿ ಪುಷ್ಕಿನ್ ಬರೆದ ಕಥೆ. ಮೇಷ್ಟ್ರು ಓದಿದ್ದು ಒಂದು ಕಥಾಸಂಗ್ರಹ. ಅದರೊಳಗಿನ ಒಂದು ಕಥೆಯ ಹೆಸರನ್ನು ಇಡೀ ಪುಸ್ತಕಕ್ಕೆ ಇಟ್ಟುಕೊಂಡು ನಲವತ್ತು ವರ್ಷ ಕಳೆದಿದ್ದರು. ಚಿಕ್ಕ ಮಕ್ಕಳು ರಟ್ಟಿನ ಮೇಲೆ ಏನು ಬರೆದಿದೆ ಅಂತ ಎಲ್ಲಿ ನೋಡುತ್ತಾರೆ?

ಹಾಗಾದರೆ ಏನು ನೆನಪು ಮಾಡಿಕೊಂಡು ಬರಬೇಕು?

ಪುಸ್ತಕವನ್ನಲ್ಲ, ಪುಸ್ತಕದ ಸುತ್ತಮುತ್ತ ಇದ್ದದ್ದನ್ನು. ಎಲ್ಲಿ ಕೂತು ಓದಿದಿರಿ? ಯಾರು ತಂದುಕೊಟ್ಟರು? ಮನೆಗೆ ಕರೆಂಟ್ ಬಂದಿತ್ತಾ, ಟಿವಿ ಬಂದಿತ್ತಾ? ಪಕ್ಕದಲ್ಲಿ ಯಾರಿದ್ದರು?

ಇದೆಲ್ಲ ಹರಟೆ ಅಂತ ಅನ್ನಿಸಬಹುದು. ಹರಟೆಯಲ್ಲೇ ಕೆಲಸ ಆಗುವುದು. ತೀರ್ಥಹಳ್ಳಿ ಕಡೆಯ ಅಕ್ಕ ಒಬ್ಬರಿಗೆ ಕಥೆಯ ಒಂದು ಸಾಲೂ ನೆನಪಿರಲಿಲ್ಲ. ಜಗಲಿಯಲ್ಲಿ ಅಡಿಕೆ ಸುಲಿಯುವವರ ನಡುವೆ ಗ್ಯಾಸ್‌ಲೈಟ್ ಬೆಳಕಿನಲ್ಲಿ ಓದಿದ್ದು, ಪುಟದ ತುಂಬ ಅಡಿಕೆ ಚೊಗರಿನ ಕಂದು ಕಲೆ ಆಗಿದ್ದಕ್ಕೆ ಅಣ್ಣ ಬೈದದ್ದು, ಇಷ್ಟೇ ನೆನಪು. ಅಣ್ಣ ಯಾಕೆ ಬೈದ? ಪುಸ್ತಕ ಅವನದ್ದಲ್ಲ, ಶಾಲೆಯದ್ದು. ಅಣ್ಣ ಆಗ ಎಷ್ಟನೇ ಕ್ಲಾಸು? ಏಳು. ಯಾಕೆ ಕೊಟ್ಟಿದ್ದರು? ಭಾಷಣ ಸ್ಪರ್ಧೆಗೆ. ಪುಸ್ತಕ ಎಷ್ಟು ದೊಡ್ಡದು? ಅವರು ಅಂಗೈ ತೋರಿಸಿದರು. ಅಲ್ಲಿಗೆ ಮುಕ್ಕಾಲು ಕೆಲಸ ಮುಗಿಯಿತು. ಅಂಗೈಯಗಲದ ಪುಸ್ತಕ, ಭಾಷಣಕ್ಕೆ ಬೇಕಾದ ವಿಷಯ ಅಂದರೆ ಯಾರದ್ದೋ ಜೀವನಚರಿತ್ರೆ. ರಾಷ್ಟ್ರೋತ್ಥಾನ ಪರಿಷತ್ತಿನ ಭಾರತ-ಭಾರತಿ ಪುಸ್ತಕ ಸಂಪದ ಇರಬೇಕು. ಎಲ್.ಎಸ್. ಶೇಷಗಿರಿ ರಾವ್ ಅವರ ಸಂಪಾದಕತ್ವದಲ್ಲಿ ಬಂದ ಮಾಲೆ ಅದು, ಒಟ್ಟು 510 ಪುಟ್ಟ ಪುಸ್ತಕಗಳು. ನಮ್ಮಲ್ಲಿದ್ದಷ್ಟನ್ನು ಮೇಜಿನ ಮೇಲೆ ಹರಡಿದೆವು. ಒಂದೊಂದೇ ರಟ್ಟು ನೋಡುತ್ತಾ ಹೋದವರು ಕಿತ್ತೂರು ಚೆನ್ನಮ್ಮನ ಹತ್ತಿರ ಬಂದಾಗ ನಿಂತರು.

ಕೈಯ ವಿಷಯ ಬಂತಲ್ಲ, ಒಂದು ಮಾತು. ಪುಸ್ತಕ ಎಷ್ಟು ದೊಡ್ಡದಿತ್ತು ಎಂದರೆ ಎಲ್ಲರ ಬಾಯಿಯೂ “ಮಾಮೂಲಿ” ಎನ್ನುತ್ತದೆ. ಕೈ ಮಾತ್ರ ಸರಿಯಾಗಿ ತೋರಿಸುತ್ತದೆ. ನಾನು ಮೇಜಿನಲ್ಲಿ ಸ್ಕೇಲ್ ಇಟ್ಟುಕೊಂಡಿರುವುದು ಗೆರೆ ಎಳೆಯಲಿಕ್ಕಲ್ಲ.

ಫೋನಿನಲ್ಲಿ ಕೇಳಬಹುದಾ?

ಕೇಳಬಹುದು. ಆದರೆ ಫೋನಿನಲ್ಲಿ ಕೈ ಕಾಣುವುದಿಲ್ಲ.

ಕೆಂಪು ರಟ್ಟಿನ ದಪ್ಪ ಪುಸ್ತಕ. ಇಷ್ಟು ಸಾಕಲ್ವಾ?

ಸಾಲದು ಮಾರಾಯ್ರೆ! ಅತಿ ಹೆಚ್ಚು ಜನ ಹೇಳುವ ಗುರುತು ಇದು, ಅತಿ ಕಮ್ಮಿ ಉಪಯೋಗಕ್ಕೆ ಬರುವುದೂ ಇದೇ.

ಗ್ರಂಥಾಲಯದ ಪುಸ್ತಕ ನಾಲ್ಕು ಕೈ ದಾಟುವಷ್ಟರಲ್ಲಿ ಹೊಲಿಗೆ ಬಿಡುತ್ತದೆ. ಅದರಲ್ಲೂ ಮಕ್ಕಳ ಪುಸ್ತಕ, ಕೇಳಬೇಡಿ. ಆಗ ಬೈಂಡಿಂಗ್‌ಗೆ ಕಳಿಸುತ್ತೇವೆ. ಬೈಂಡರ್ ಮೂಲ ರಟ್ಟನ್ನು ಕಿತ್ತು, ದಪ್ಪ ಕಾರ್ಡ್‌ಬೋರ್ಡ್ ಇಟ್ಟು, ಮೇಲೆ ಕ್ಯಾಲಿಕೋ ಬಟ್ಟೆ ಅಂಟಿಸುತ್ತಾನೆ. ಆ ವಾರ ಅವನ ಅಂಗಡಿಯಲ್ಲಿ ಯಾವ ಬಣ್ಣದ ಥಾನು ಇತ್ತೋ ಪುಸ್ತಕಕ್ಕೂ ಅದೇ ಬಣ್ಣ. ಹಾಗಾಗಿ ನಿಮ್ಮ ನೆನಪಿನ ಕೆಂಪು ಪ್ರಕಾಶಕರದ್ದಲ್ಲ, ಬೈಂಡರ್‌ದು. ತೆಳ್ಳಗಿನ ಎರಡು ಮೂರು ಪುಸ್ತಕ ಸೇರಿಸಿ ಒಟ್ಟಿಗೆ ಹೊಲಿಸುವುದೂ ಇತ್ತು. ದಪ್ಪ ಪುಸ್ತಕ ಎಂದು ನೀವು ನೆನಪಿಟ್ಟುಕೊಂಡಿರುವುದು ಮೂರು ತೆಳ್ಳಗಿನ ಪುಸ್ತಕಗಳಾಗಿರಬಹುದು. ಮೂರರ ಕಥೆಯೂ ಒಂದರೊಳಗೊಂದು ಕಲಸಿಹೋಗಿರಬಹುದು. “ಒಬ್ಬ ರಾಜಕುಮಾರ, ಅವನೇ ಆಮೇಲೆ ಇರುವೆಗಳ ಬಗ್ಗೆ ಪಾಠ ಮಾಡುತ್ತಾನೆ” ಎಂದು ಒಬ್ಬರು ಬಂದಿದ್ದರು. ಎರಡು ಪುಸ್ತಕ, ಒಂದು ಹೊಲಿಗೆ.

ಇಷ್ಟಾದರೂ ಕೆಂಪು ರಟ್ಟು ಒಂದು ವಿಷಯವನ್ನು ಖಚಿತ ಮಾಡುತ್ತದೆ. ಅದು ನಿಮ್ಮ ಮನೆಯ ಪುಸ್ತಕ ಆಗಿರಲಿಲ್ಲ, ಯಾವುದೋ ಶಾಲೆ ಅಥವಾ ಗ್ರಂಥಾಲಯದ್ದು.

ಓದಿದ ವರ್ಷ ಗೊತ್ತು. ಪುಸ್ತಕವೂ ಆ ವರ್ಷದ್ದೇ ಅಲ್ಲವಾ?

ಅಲ್ಲ. ಹಳ್ಳಿ ಶಾಲೆಯ ಟ್ರಂಕಿನಲ್ಲಿದ್ದ ಪುಸ್ತಕ ನಿಮ್ಮ ಕೈಗೆ ಬರುವ ಹೊತ್ತಿಗೆ ಇಪ್ಪತ್ತು ವರ್ಷ ಹಳೆಯದಾಗಿರುತ್ತಿತ್ತು. ನೀವು ಓದಿದ ವರ್ಷ ಹೇಳುವುದು ಇಷ್ಟೇ: ಪುಸ್ತಕ ಅದಕ್ಕಿಂತ ಈಚಿನದ್ದಲ್ಲ.

ಹರಿದ ಒಂದು ಹಾಳೆ ಇದ್ದರೂ ತನ್ನಿ. ಬೆಲೆ ಆಣೆಯಲ್ಲಿದ್ದರೆ 1957ರ ಆಸುಪಾಸಿನದ್ದು ಅಥವಾ ಅದಕ್ಕೂ ಹಿಂದಿನದ್ದು. ನಯಾಪೈಸೆ ಬಂದದ್ದು ಆ ವರ್ಷ ಏಪ್ರಿಲ್‌ನಲ್ಲಿ. ‘ಮೈಸೂರು ರಾಜ್ಯ’ ಎಂದು ಅಚ್ಚಾಗಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದ್ದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್‌ನ ಈಚೆಯದ್ದು. ಇನ್ನೊಂದು ಗುರುತು ಬೆರಳಿಗೆ ಸಿಗುತ್ತದೆ. ಪುಟದ ಹಿಂಬದಿಯನ್ನು ಮೆಲ್ಲಗೆ ಸವರಿ ನೋಡಿ. ಅಕ್ಷರ ಒತ್ತಿದ ಉಬ್ಬು ತಾಗಿದರೆ ಅದು ಒಂದೊಂದೇ ಅಕ್ಷರದ ಮೊಳೆ ಜೋಡಿಸಿ ಅಚ್ಚು ಮಾಡಿದ್ದು. ಆಮೇಲೆ ಬಂದ ಆಫ್‌ಸೆಟ್ ಮುದ್ರಣದ್ದು ನುಣ್ಣಗಿರುತ್ತದೆ. ಕಣ್ಣು ಮಂಜಾದ ಅಜ್ಜ ಒಬ್ಬರು ಹೀಗೆ ಸವರಿಯೇ “ಇದು ಹಳೇದು” ಅಂತ ನನಗಿಂತ ಮೊದಲು ಹೇಳಿದ್ದರು.

ಅದು ಪುಸ್ತಕವೇ ಆಗಿತ್ತು ಅಂತ ಹೇಗೆ ಗೊತ್ತು?

ಒಳ್ಳೆಯ ಪ್ರಶ್ನೆ. ಯಾರೂ ಇದನ್ನು ಕೇಳುವುದಿಲ್ಲ, ನಾನೇ ಕೇಳುತ್ತೇನೆ. ಪುಸ್ತಕ ಅಂತ ಹೇಳಿಕೊಂಡು ಬಂದದ್ದು ಮಾಸಪತ್ರಿಕೆ ಆಗಿರುತ್ತದೆ, ಪಠ್ಯಪುಸ್ತಕದ ಪಾಠ ಆಗಿರುತ್ತದೆ, ರೇಡಿಯೊದಲ್ಲಿ ಕೇಳಿದ್ದಾಗಿರುತ್ತದೆ. “ಟೋಪಿ ಹಾಕಿಕೊಂಡು ಶಾಲೆಗೆ ಹೋಗುವ ಸ್ವಾಮಿ ಎಂಬ ಹುಡುಗನ ಪುಸ್ತಕ, ನಮ್ಮ ಆಗುಂಬೆಯಲ್ಲೇ ನಡೆಯುವ ಕಥೆ” ಎಂದು ಕೇಳುವವರು ಓದಿದ್ದಲ್ಲ, ನೋಡಿದ್ದು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಅದು. ಆರ್.ಕೆ. ನಾರಾಯಣ್ ಅವರ ಪುಸ್ತಕದಲ್ಲಿ ಆಗುಂಬೆ ಇಲ್ಲ.

ಪತ್ರಿಕೆಗಳಲ್ಲಿ ಮೊದಲು ನೆನಪಾಗುವುದು ‘ಚಂದಮಾಮ’. ತೆಲುಗು, ತಮಿಳಿನಲ್ಲಿ 1947ರಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೂ ಬಂತು. ಹೆಗಲ ಮೇಲೆ ಹೆಣ ಹೊತ್ತು, ಕತ್ತಿ ಹಿಡಿದು ಮಸಣದಲ್ಲಿ ನಡೆಯುವ ರಾಜನ ಚಿತ್ರ ಎಂದರೆ ಬೇರೆ ಮಾತೇ ಬೇಡ, ಅದು ಚಿತ್ರಕಾರ ಶಂಕರ್ ಬರೆದ ವಿಕ್ರಮ-ಬೇತಾಳ. ಆದರೆ ಪತ್ರಿಕೆ ಸಿಕ್ಕಿತು ಅಂದರೆ ಸಂಚಿಕೆ ಸಿಕ್ಕ ಹಾಗಲ್ಲ. ಸಂಸ್ಕೃತದ ಹಳೆಯ ಬೇತಾಳ ಕಥೆಗಳು ಇಪ್ಪತ್ತೈದು. ಚಂದಮಾಮದ ಬೇತಾಳ ದಶಕಗಟ್ಟಲೆ ತಿಂಗಳು ತಿಂಗಳೂ ಹೊಸ ಕಥೆ ಹೇಳಿ ಮರಕ್ಕೆ ವಾಪಸ್ ಹಾರಿದ. ಹಾಗಾಗಿ ಬೇತಾಳ ಕೊನೆಗೆ ಕೇಳಿದ ಪ್ರಶ್ನೆ ಏನು ಅಂತ ನೆನಪು ಮಾಡಿಕೊಳ್ಳಿ. ಕಥೆ ಮರೆತವರಿಗೂ ಪ್ರಶ್ನೆ ನೆನಪಿರುತ್ತದೆ, ಅದು ವಿಚಿತ್ರ.

ಇಲಿಯ ಮುಖದ, ಹಾರಾಡುವ ಶೂರ ಎಂದರೆ ‘ಬಾಲಮಂಗಳ’ದ ಡಿಂಗ. ಇದಕ್ಕೆ ಹುಡುಕಾಟವೇ ಬೇಡ, ಮೂವತ್ತೈದು ದಾಟಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಅಜ್ಜಿ ಓದಿ ಹೇಳುತ್ತಿದ್ದ ಪುಸ್ತಕ ಬೇಕು. ಸಿಗುತ್ತಾ?

ಇದಕ್ಕೆ ಒಂದು ಘಟನೆ ಹೇಳಿಬಿಡುತ್ತೇನೆ.

ಬೆಂಗಳೂರಿನಲ್ಲಿರುವ, ಮೂಲತಃ ಸಾಗರದ ಕಡೆಯ ಒಬ್ಬರು ಬಂದಿದ್ದರು. ಐವತ್ತರ ಆಸುಪಾಸು. ಅವರಿಗೆ ಬೇಕಾಗಿದ್ದ ಪುಸ್ತಕದಲ್ಲಿ ಒಂದು ದೊಡ್ಡ ಕಟ್ಟೆ ನೀರಿನೊಳಗೆ ಮಲಗಿರುತ್ತದೆ. ಬಿಸಿಲು ಜೋರಾದ ವರ್ಷ ಎದ್ದು ಬರುತ್ತದೆ. ಮಕ್ಕಳು ಅದರ ಮೇಲೆ ನಡೆಯುತ್ತಾ ಮುಳುಗಿದ ಮನೆಗಳನ್ನು ಹೆಸರು ಹಿಡಿದು ಕರೆಯುತ್ತಾರೆ. ಮಳೆ ಬಂದ ಕೂಡಲೇ ಕಟ್ಟೆ ಮತ್ತೆ ಮಲಗುತ್ತದೆ.

ಮುಳುಗಡೆ, ಮಕ್ಕಳು ಎಂದ ಕೂಡಲೇ ನನ್ನ ಕೈ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕಡೆ ಹೋಯಿತು. ಸಾಗರದವರೇ ಆದ ಅವರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ತಂದುಕೊಟ್ಟ ಕಾದಂಬರಿ ಅದು. ಬಂದವರು ಅಲ್ಲೇ ಕೂತು ಅರ್ಧ ಓದಿದರು. “ಚೆನ್ನಾಗಿದೆ. ಆದ್ರೆ ಇದಲ್ಲ” ಎಂದರು.

“ಯಾರು ಓದಿ ಹೇಳ್ತಿದ್ರು?”

“ಅಜ್ಜಿ. ಬಚ್ಚಲ ಒಲೆ ಮುಂದೆ ಕೂರಿಸಿಕೊಂಡು. ಪುಸ್ತಕ ತೊಡೆ ಮೇಲೆ ಇಟ್ಕೊಂಡು.”

“ಅಜ್ಜಿ ಎಲ್ಲಿವರೆಗೆ ಓದಿದ್ರು?”

ಅವರು ಉತ್ತರ ಹೇಳಲು ಬಾಯಿ ತೆರೆದು ಹಾಗೇ ನಿಂತರು. ಅಜ್ಜಿ ಹೆಬ್ಬೆಟ್ಟು. ಪಡಿತರ ಅಂಗಡಿಯಲ್ಲಿ ಅಜ್ಜಿಯ ಬೆರಳಿಗೆ ಶಾಯಿ ಹಚ್ಚುವುದನ್ನು ಇವರೇ ನೋಡಿದ್ದರಂತೆ. ತೊಡೆಯ ಮೇಲೆ ಇದ್ದದ್ದು ಬಹುಶಃ ಪಂಚಾಂಗ. ಪುಟ ತಿರುವುತ್ತಾ ಅಜ್ಜಿ ಹೇಳುತ್ತಿದ್ದದ್ದು ತನ್ನದೇ ಊರಿನ ಕಥೆ.

ಆ ಕಟ್ಟೆಯೂ ನಿಜದ್ದೇ. ಮಡೆನೂರು ಕಟ್ಟೆ. ಹಿರೇಭಾಸ್ಕರ ಅಣೆಕಟ್ಟು ಅಂತಲೂ ಕರೆಯುತ್ತಾರೆ. ಜೋಗದ ಮೊದಲ ವಿದ್ಯುತ್ ಯೋಜನೆಗಾಗಿ 1940ರ ದಶಕದಲ್ಲಿ ಶರಾವತಿಗೆ ಕಟ್ಟಿದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಊರುಗಳ ಜೊತೆ ಅದೂ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಈಗಲೂ ಮೇಲೆ ಕಾಣುತ್ತದೆ.

ಇಂಥದ್ದನ್ನು ಎಲ್ಲಿಂದ ಹುಡುಕಿಕೊಡಲಿ? ಒಂದು ಬಿಳಿ ಹಾಳೆ ಕೊಟ್ಟು, ನೆನಪಿದ್ದಷ್ಟು ಬರೆದುಕೊಡಿ ಎಂದೆ. ಎಂಟು ಪುಟ ಆಯಿತು. ಅದು ನಮ್ಮ ಫೈಲಿನಲ್ಲಿದೆ.

ಮೊಸಳೆ, ಮಂಗ, ನೇರಳೆ ಮರ. ಇಷ್ಟು ಸುಲಭದ್ದಕ್ಕೂ ಯಾಕೆ ತಲೆ ಕೆರೆದುಕೊಳ್ಳುತ್ತೀರಿ?

ಕಥೆ ಸುಲಭ, ಪುಸ್ತಕ ಸುಲಭವಲ್ಲ. ಪಂಚತಂತ್ರವನ್ನು ದುರ್ಗಸಿಂಹ ಕನ್ನಡಕ್ಕೆ ತಂದದ್ದೇ 11ನೇ ಶತಮಾನದಲ್ಲಿ. ಅವತ್ತಿಂದ ಇವತ್ತಿನವರೆಗೆ ಬರೆದವರೆಷ್ಟು, ಅಚ್ಚು ಹಾಕಿದವರೆಷ್ಟು! ನಿಮಗೆ ಬೇಕಾದದ್ದು ಅವುಗಳಲ್ಲಿ ಒಂದೇ ಒಂದು. ಇಲ್ಲಿ ಕಥೆಯಿಂದ ಏನೂ ಆಗುವುದಿಲ್ಲ, ಚಿತ್ರ ಬೇಕು. ಮಂಗ ಯಾವ ಕಡೆ ಮುಖ ಮಾಡಿತ್ತು? ಮೊಸಳೆಯ ಹೆಂಡತಿಗೆ ಸೀರೆ ಉಡಿಸಿದ್ದರಾ? ಬಣ್ಣ ಒಂದೋ ಎರಡೋ ನಾಲ್ಕೋ? ಬರೆದು ತೋರಿಸಿ ಎಂದು ಪೆನ್ಸಿಲ್ ಕೊಡುತ್ತೇನೆ. “ನನಗೆ ಚಿತ್ರ ಬರಲ್ಲ” ಎಂದವರೂ ಬರೆದಾಗ ಮೊಸಳೆ ಸರಿಯಾದ ಮೂಲೆಯಲ್ಲೇ ಬಂದು ಕೂರುತ್ತದೆ.

ಇಲಿ ಹಿಡಿಯುವ ಜೋಗಿಯ ಕಥೆ ನಮ್ಮ ತುಂಗಾ ತೀರದಲ್ಲಿ ನಿಜವಾಗಿ ನಡೆದದ್ದಂತೆ?

ವರ್ಷಕ್ಕೆ ಒಬ್ಬರಾದರೂ ಹೀಗೆ ಕೇಳುತ್ತಾರೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಅದು. ಮೂಲ ಕಥೆ ಜರ್ಮನಿಯ ಹ್ಯಾಮೆಲಿನ್ ಊರಿನದ್ದು, ಇಂಗ್ಲಿಷಿನಲ್ಲಿ ರಾಬರ್ಟ್ ಬ್ರೌನಿಂಗ್ ಪದ್ಯ ಮಾಡಿದ್ದ. ಕುವೆಂಪು ಅದನ್ನು ತಂದು ತುಂಗೆಯ ದಡದಲ್ಲಿ ಕೂರಿಸಿದರು. ಹೇಗೆ ಕೂರಿಸಿದರೆಂದರೆ, ಜರ್ಮನಿಯದ್ದು ಎಂದು ನಾನು ಹೇಳಿದಾಗ ಭದ್ರಾವತಿಯ ಒಬ್ಬ ಹಿರಿಯರಿಗೆ ಸಿಟ್ಟೇ ಬಂತು. “ಜರ್ಮನಿಯವರು ನಮ್ಮಿಂದ ತಗೊಂಡಿರಬೇಕು” ಎಂದರು. ನಾನು ವಾದ ಮಾಡಲಿಲ್ಲ.

ಪದ್ಯದ ವಿಷಯದಲ್ಲಿ ಒಂದು ಅನುಕೂಲ ಇದೆ. ಎರಡು ಸಾಲು ನೆನಪಿದ್ದರೂ ಸಿಕ್ಕಿಬೀಳುತ್ತದೆ. ರಾಗ ನೆನಪಿದ್ದರೆ ಹಾಡಿ. ಗ್ರಂಥಾಲಯದಲ್ಲಿ ಹಾಡಬಾರದು ಅಂತ ಸಂಕೋಚ ಬೇಡ, ಒಳಗಿನ ಕೋಣೆಗೆ ಕರೆದುಕೊಂಡು ಹೋಗುತ್ತೇನೆ. ಜಿ.ಪಿ. ರಾಜರತ್ನಂ ಅವರದ್ದು, ಪಂಜೆ ಮಂಗೇಶರಾಯರದ್ದು ಹೀಗೆ ಹಾಡಿದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಕನ್ನಡದಲ್ಲಿ ಓದಿದ್ದು, ಆದರೆ ಹೆಸರುಗಳೆಲ್ಲ ಬೇರೆ ಥರ ಇದ್ದವು...

ನುಣುಪು ದಪ್ಪ ಹಾಳೆ, ಹಿಮ, ಕರಡಿ, ತಲೆಗೆ ಬಟ್ಟೆ ಕಟ್ಟಿದ ಅಜ್ಜಿ, ಕೊಟ್ಟ ದುಡ್ಡಿಗಿಂತ ಪುಸ್ತಕವೇ ಜಾಸ್ತಿ ಅನ್ನಿಸುವಷ್ಟು ಕಮ್ಮಿ ಬೆಲೆ. ಇವುಗಳಲ್ಲಿ ಎರಡು ಕೂಡಿದರೆ ಸೋವಿಯತ್ ಪುಸ್ತಕ. ಮಾಸ್ಕೋದಲ್ಲೇ ಕನ್ನಡದಲ್ಲಿ ಅಚ್ಚಾಗಿ ಬರುತ್ತಿದ್ದವು. ಇಲ್ಲಿ ನವಕರ್ನಾಟಕ ಪ್ರಕಾಶನದವರು ಮಾರುತ್ತಿದ್ದರು. 1991ರಲ್ಲಿ ದೇಶವೇ ಒಡೆದುಹೋದ ಮೇಲೆ ಪುಸ್ತಕ ಬರುವುದೂ ನಿಂತಿತು. ಇಟ್ಟುಕೊಂಡವರು ಈಗ ಯಾರಿಗೂ ಕೊಡುವುದಿಲ್ಲ, ನಾನೂ ಸೇರಿ.

ಶಾಲೆ ರೈಲು ಡಬ್ಬಿಯಲ್ಲಿ ನಡೆಯುತ್ತಿತ್ತು ಎಂದರೆ ‘ತೊತ್ತೊ-ಚಾನ್’, ಜಪಾನಿನದ್ದು. ಇನ್ನೊಂದು ಉಪಾಯ ಹೇಳುತ್ತೇನೆ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಬೆಳೆದವರಿಗೆ ತಮಿಳು, ತೆಲುಗಿನ ಗೆಳೆಯರು ಇದ್ದೇ ಇರುತ್ತಾರೆ. ಅವರನ್ನು ಕೇಳಿ. ಅದೇ ಚಿತ್ರ ಅವರಿಗೂ ಅವರ ಭಾಷೆಯಲ್ಲಿ ನೆನಪಿದ್ದರೆ ಅದು ಚಂದಮಾಮ ಇರಬೇಕು, ಇಲ್ಲವೇ ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆಯದ್ದು. ಆ ಮಾಲೆಯಲ್ಲಿ ಚಿತ್ರ ಅದೇ ಇರುತ್ತದೆ, ಭಾಷೆ ಬದಲಾಗುತ್ತದೆ. ಇನ್ನು ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ನೆನಪಿಟ್ಟುಕೊಂಡವರೂ ಇದ್ದಾರೆ. ಅಮರ ಚಿತ್ರಕಥೆಯ ವಿಷಯದಲ್ಲಿ ಇದು ಮಾಮೂಲಿ.

ಇದಕ್ಕೆ ದುಡ್ಡು ಎಷ್ಟು?

ಏನೂ ಇಲ್ಲ.

ಮೊಬೈಲಿನಲ್ಲಿ ಹುಡುಕಿದರೆ ಆಗುವುದಿಲ್ಲವಾ? ಎಐ ಕೇಳಿದರೆ?

ಹುಡುಕಿ, ಬೇಡ ಅನ್ನುವುದಿಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದವರು ಸ್ಕ್ಯಾನ್ ಮಾಡಿದ ಸಾವಿರಾರು ಹಳೆಯ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿವೆ, ಪುಕ್ಕಟೆ. ತೊಂದರೆ ಏನೆಂದರೆ ಬಹಳಷ್ಟರ ಹೆಸರು ಇಂಗ್ಲಿಷ್ ಅಕ್ಷರದಲ್ಲಿದೆ, ಅದೂ ಬೆರಳಚ್ಚು ಮಾಡಿದವರಿಗೆ ತೋಚಿದ ಹಾಗೆ. ‘ಮಕ್ಕಳ’ ಎಂಬ ಒಂದು ಪದಕ್ಕೇ ನಾಲ್ಕು ಸ್ಪೆಲ್ಲಿಂಗ್ ಹಾಕಿ ನೋಡಬೇಕಾಗುತ್ತದೆ. ಕನ್ನಡದಲ್ಲಿ ಹುಡುಕುವುದಾದರೆ ‘ಕತೆ’ ಮತ್ತು ‘ಕಥೆ’ ಎರಡನ್ನೂ ಹಾಕಿ. ‘ಬೇತಾಳ’ ಸಿಗದಿದ್ದರೆ ‘ವೇತಾಳ’ ಹಾಕಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪಟ್ಟಿಗಳಂತೂ ಈಗ ಮೊಬೈಲಿನಲ್ಲಿ ಬಳಸುವ ಯೂನಿಕೋಡ್ ಅಕ್ಷರದ ಹುಡುಕಾಟಕ್ಕೆ ಸಿಗುವುದೇ ಇಲ್ಲ.

ಎಐ ಬಗ್ಗೆ ಹೇಳುವುದಾದರೆ, ಈಚೆಗೆ ಜನ ಪುಸ್ತಕದ ಹೆಸರು, ಲೇಖಕರ ಹೆಸರು, ಇಸವಿ ಎಲ್ಲ ಬರೆದುಕೊಂಡು ಬರುತ್ತಿದ್ದಾರೆ. ನೋಡಿದರೆ ಅಂಥ ಪುಸ್ತಕ ಯಾರೂ ಬರೆದೇ ಇಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವ ಬದಲು ಅದೇ ಒಂದು ಹೆಸರು ಹುಟ್ಟಿಸಿಬಿಟ್ಟಿರುತ್ತದೆ. ಕನ್ನಡದ ಹಳ್ಳಿ ಮೂಲೆಯ ಮಕ್ಕಳ ಪುಸ್ತಕದ ವಿಷಯದಲ್ಲಿ ಈ ತೊಂದರೆ ಜಾಸ್ತಿ.

ಪುಸ್ತಕ ನಮ್ಮ ಹಳೆ ಮನೆಯಲ್ಲೇ ಎಲ್ಲೋ ಇರಬೇಕು. ಎಲ್ಲಿ ಹುಡುಕಲಿ?

ಮೊದಲು ಅಟ್ಟ. ಅದರಲ್ಲೂ ಅಡುಗೆಮನೆಯ ಮೇಲಿನ ಅಟ್ಟ. ನಮ್ಮ ಮಲೆನಾಡಿನ ಮಳೆಗೆ ಗೋಡೆ ಬದಿಯ ಕಪಾಟಿನಲ್ಲಿಟ್ಟ ಪುಸ್ತಕ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಗೆದ್ದಲು ಬಂದರಂತೂ ರಟ್ಟು ಉಳಿಸಿ ಒಳಗಿನದನ್ನೆಲ್ಲ ತಿನ್ನುತ್ತದೆ, ಕೈ ಹಾಕಿದಾಗಲೇ ಗೊತ್ತಾಗುವುದು. ಒಲೆಯ ಹೊಗೆ ತಾಗುತ್ತಿದ್ದ ಅಟ್ಟದ ಪುಸ್ತಕ ಕಪ್ಪಾದರೂ ಬದುಕಿರುತ್ತದೆ. ಒದ್ದೆ ಪುಸ್ತಕ ಸಿಕ್ಕಿದರೆ ಬಿಸಿಲಿಗೆ ಹಾಕಬೇಡಿ, ಹಾಳೆ ಸುರುಟಿಕೊಳ್ಳುತ್ತದೆ. ಫ್ಯಾನ್ ಗಾಳಿಗೆ ನಿಲ್ಲಿಸಿ, ಪುಟಗಳ ನಡುವೆ ಪೇಪರ್ ಇಡಿ. ಅಂಟಿಕೊಂಡ ಹಾಳೆ ಬಿಡಿಸಲು ಹೋಗಬೇಡಿ, ಹಾಗೇ ತನ್ನಿ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಹೆಂಚು ಒಡೆದು, ಒಂದೇ ರಾತ್ರಿಯ ಮಳೆಗೆ ಮಕ್ಕಳ ಪುಸ್ತಕದ ಎರಡು ಕಪಾಟು ನೆನೆದವು. ಒಣಗಿಸೋಣ ಎಂದೆ. ರದ್ದಿ ಗಾಡಿ ಆಗಲೇ ಬಂದಿತ್ತು. ಕಾಯಂ ಕೆಲಸದವರಲ್ಲ ನಾನು, ಬಾಯಿ ಮುಚ್ಚಿಕೊಂಡೆ. ಅವತ್ತು ಹೋದದ್ದರಲ್ಲಿ ಒಂದನ್ನು ಈಗ ಒಬ್ಬರು ಹುಡುಕುತ್ತಿದ್ದಾರೆ. ನನ್ನ ಕೈಯಾರೆ ಗಾಡಿಗೆ ಎತ್ತಿಕೊಟ್ಟದ್ದು ನೆನಪಿದೆ.

ಸಿಕ್ಕಿದರೆ ಇಡೀ ಪುಸ್ತಕ ಜೆರಾಕ್ಸ್ ಮಾಡಿಕೊಡ್ತೀರಾ?

ಕಾಪಿರೈಟ್ ಹಕ್ಕು ಮುಗಿದಿದ್ದರೆ ಮಾತ್ರ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಪಂಜೆಯವರು ಹೋದದ್ದು 1937ರಲ್ಲಿ, ಅವರ ಬರಹ ಈಗ ಎಲ್ಲರದ್ದು. ರಾಜರತ್ನಂ 1979ರಲ್ಲಿ ತೀರಿಕೊಂಡವರು, ಅವರದ್ದಕ್ಕೆ 2039 ಮುಗಿಯುವವರೆಗೆ ಕಾಯಬೇಕು. ಅಲ್ಲಿಯವರೆಗೆ ಇಲ್ಲೇ ಕೂತು ಓದಿ, ಕಿಟಕಿ ಪಕ್ಕದ ಕುರ್ಚಿ ಚೆನ್ನಾಗಿದೆ. ಮಾರಾಟದಲ್ಲಿದ್ದರೆ ಕೊಂಡುಕೊಳ್ಳಿ.

ನೀವು ಕೊಟ್ಟದ್ದೇ ಸರಿ ಅನ್ನುತ್ತೀರಿ. ನನಗೆ ಮಾತ್ರ ಇದಲ್ಲ ಅನ್ನಿಸುತ್ತಿದೆ.

ಇಂಥ ಕಡೆ ನಾನು ಸೋತದ್ದೂ ಇದೆ, ಗೆದ್ದದ್ದೂ ಇದೆ. ಗೆದ್ದದ್ದಕ್ಕಿಂತ ಸೋತದ್ದು ಹೇಳುವುದು ಮೇಲು.

ಕೊಪ್ಪದ ಕಡೆಯ ಯುವಕರೊಬ್ಬರು ಹಾರುವ ಓತಿಯ ಕಥೆ ಕೇಳಿಕೊಂಡು ಬಂದರು. ಹಾರುವ ಓತಿ! ನಾನು ಅವರ ಮಾತು ಮುಗಿಯಲು ಬಿಡಲಿಲ್ಲ. ಎದ್ದು ಹೋಗಿ ತೇಜಸ್ವಿಯವರ ‘ಕರ್ವಾಲೊ’ ತಂದು ಮುಂದಿಟ್ಟೆ. “ಮಕ್ಕಳ ಪುಸ್ತಕ ಅಲ್ಲ ಇದು, ನೀವು ಚಿಕ್ಕವರಿದ್ದಾಗ ದೊಡ್ಡವರದ್ದನ್ನು ಓದಿದ್ದೀರಿ” ಎಂದು ಬೇರೆ ಹೇಳಿದೆ. ಪಾಪ, ತೆಗೆದುಕೊಂಡು ಹೋದರು. ಎರಡು ವಾರ ಬಿಟ್ಟು ವಾಪಸ್ ತಂದರು. “ಪುಸ್ತಕ ಬಹಳ ಚೆನ್ನಾಗಿದೆ ಸಾರ್. ಆದ್ರೆ ನನ್ನ ಓತಿ ಮಾತಾಡ್ತಿತ್ತು.”

ಅವರು ಮೊದಲ ದಿನವೇ ಅದನ್ನು ಹೇಳಲು ಹೊರಟಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ. ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಕೇಳುವವರ ಮಾತು ಮುಗಿಯುವವರೆಗೆ ಕುರ್ಚಿಯಿಂದ ಏಳುವುದಿಲ್ಲ.

ಹಾಗಾಗಿ ನಿಮಗೆ ಇದಲ್ಲ ಅನ್ನಿಸಿದರೆ ಹೇಳಿಬಿಡಿ. ಕೆಲವೊಮ್ಮೆ ಅದೇ ಪುಸ್ತಕದ ಬೇರೆ ಮುದ್ರಣ ಆಗಿರುತ್ತದೆ, ಚಿತ್ರ ಬದಲಾಗಿರುತ್ತದೆ. ಹಳೆಯದನ್ನು ತರಿಸಿ ನೋಡೋಣ.

ಎಷ್ಟು ದಿನ ಹಿಡಿಯುತ್ತದೆ?

ಎರಡು ನಿಮಿಷದಿಂದ ಆರು ವರ್ಷದವರೆಗೆ. ಓದುಗರ ಸಮಯ ಉಳಿಸಬೇಕು ಎಂಬುದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಗಳಿಗೆ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು. ಈ ಒಂದು ಕೆಲಸದಲ್ಲಿ ಅದನ್ನು ಪಾಲಿಸಲು ನನ್ನಿಂದ ಆಗಿಲ್ಲ.

ಆರು ವರ್ಷ ಹಿಡಿದದ್ದು ಹೀಗೆ. ನಮ್ಮಲ್ಲಿ ಒಂದು ನೋಟ್‌ಬುಕ್ ಇದೆ, ಇನ್ನೂರು ಪುಟದ್ದು. ಸಿಗದ ಪುಸ್ತಕಗಳನ್ನೆಲ್ಲ ಅದರಲ್ಲಿ ಬರೆದಿಡುತ್ತೇನೆ. ಕೇಳಿದವರ ಮಾತನ್ನು ಅವರು ಹೇಳಿದ ಹಾಗೆಯೇ ಬರೆಯುತ್ತೇನೆ, ತಿದ್ದುವುದಿಲ್ಲ. ‘ಗೂಬೆಗೆ ಕನ್ನಡಕ. ಕೊನೆಗೆ ಕನ್ನಡಕ ಕಪ್ಪೆಗೆ’ ಎಂದು ಒಂದು ಪುಟದಲ್ಲಿತ್ತು. ಸೊರಬದ ಒಂದು ಮನೆಯವರು ಮನೆ ಮಾರುವಾಗ ಎರಡು ಚೀಲ ಹಳೆ ಪುಸ್ತಕ ತಂದು ಹಾಕಿದರು. ಚೀಲ ಕೊಡವಿದಾಗ ಮೊದಲು ಬಿದ್ದದ್ದೇ ಕನ್ನಡಕ ಹಾಕಿದ ಗೂಬೆ. ರಟ್ಟಿಲ್ಲ, ಮೊದಲ ನಾಲ್ಕು ಪುಟ ಇಲ್ಲ, ಹಾಗಾಗಿ ಹೆಸರು ಇವತ್ತಿಗೂ ಗೊತ್ತಿಲ್ಲ. ಕೇಳಿದವರಿಗೆ ಹೆಸರು ಬೇಕಿರಲಿಲ್ಲ. ಕಪ್ಪೆಯ ಪುಟ ತೆರೆದು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಂಡು, ಬಸ್ಸಿಗೆ ಹೊತ್ತಾಯ್ತು ಅಂತ ಹೊರಟರು.

ನಾನು ಏನಾದರೂ ಸಹಾಯ ಮಾಡಬಹುದಾ?

ಖಂಡಿತ. ನೋಟ್‌ಬುಕ್ಕಿನಲ್ಲಿ ಸದ್ಯ ಬಾಕಿ ಇರುವುದರಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ, ಬರೆದುಕೊಂಡ ಹಾಗೆಯೇ.

‘ಹಲಸಿನ ಮರದ ಪೊಟರೆಯೊಳಗೆ ಕಳ್ಳ. ಹುಡುಗಿ ದಿನಾ ಊಟ ತಂದು ಕೊಡ್ತಾಳೆ, ಕಳ್ಳ ಅಂತ ಗೊತ್ತಿಲ್ಲ. ಕೊನೆ ಪುಟ ಹರಿದಿತ್ತು. ಆಮೇಲೆ ಏನಾಯ್ತು?’ ಸುಮಾರು 1975ರಲ್ಲಿ ಓದಿದ್ದು, ಹೊಸನಗರ.

‘ಬಸ್ಸಿಗೆ ಶೀತ ಆಗತ್ತೆ. ಡ್ರೈವರ್ ಕಂಬಳಿ ಹೊದಿಸ್ತಾನೆ. ನೀಲಿ ಬಣ್ಣದ ಚಿತ್ರ, ಉದ್ದಕ್ಕಿಂತ ಅಗಲ ಜಾಸ್ತಿ.’ ಶಾಲೆಯಲ್ಲಿ ಬಹುಮಾನ ಬಂದದ್ದು, ಆಮೇಲೆ ತಂಗಿ ಒಲೆಗೆ ಹಾಕಿದ್ದು.

‘ಹಾರುವ ಓತಿ. ಮಾತಾಡತ್ತೆ. ಕರ್ವಾಲೊ ಅಲ್ಲ.’

ಗೊತ್ತಿದ್ದರೆ ಬಂದು ಹೇಳಿ. ಒಂದೂವರೆಗೆ ಊಟಕ್ಕೆ ಎದ್ದಿರುತ್ತೇನೆ, ಎರಡೂಕಾಲಿಗೆ ಮತ್ತೆ ಕೂತಿರುತ್ತೇನೆ. ನಾನು ಇಲ್ಲದಿದ್ದರೆ ನೋಟ್‌ಬುಕ್ ಮೇಜಿನ ಎಡಗಡೆಯ ಡ್ರಾಯರ್‌ನಲ್ಲಿದೆ, ಸ್ಕೇಲಿನ ಕೆಳಗೆ.